ಮೂಕಸಾಕ್ಷಿ ಅನ್ನುವುದನ್ನು ಬಿಡೋಣ

(ಇದು ಒಂದು ಸಭೆಯಲ್ಲಿ ಆಡಿದ ಮಾತು. ಬರೆದು ಕೊಡಿ ಅಂತ ಕೇಳಿದರು. ಆಡಿದ ಹಾಗೇ ಬರೆದರೆ ಓದಲು ಆಗುವುದಿಲ್ಲ, ತೀರಾ ತಿದ್ದಿದರೆ ಮಾತು ಅನ್ನಿಸುವುದಿಲ್ಲ. ನಡುವೆ ಎಲ್ಲೋ ನಿಲ್ಲಿಸಿದ್ದೇನೆ. ಪರದೆ ಮೇಲೆ ತೋರಿಸಿದ ಚಿತ್ರಗಳು ಇಲ್ಲಿಲ್ಲ. ಅದರ ಬದಲು ಅಲ್ಲಲ್ಲಿ ನಾಲ್ಕು ಮಾತು ಜಾಸ್ತಿ ಇದೆ.)

ಎಲ್ಲರಿಗೂ ನಮಸ್ಕಾರ.

ಹಳೆಯ ಮರದ ಬಗ್ಗೆ ಯಾರೇ ಬರೆಯಲಿ, ಎರಡನೇ ಸಾಲಿಗೆ ಒಂದು ಪದ ಬಂದೇ ಬರುತ್ತದೆ. ಮೂಕಸಾಕ್ಷಿ. 'ಶತಮಾನಗಳ ಇತಿಹಾಸಕ್ಕೆ ಮೂಕಸಾಕ್ಷಿಯಾಗಿ ನಿಂತಿರುವ ಮರ' ಅಂತ. ನಾನೂ ಬರೆದಿದ್ದೇನೆ, ಸುಳ್ಳು ಯಾಕೆ ಹೇಳಲಿ. ಕೇಳಲು ಚೆನ್ನಾಗಿದೆ. ಆದರೆ ಕೂತು ಯೋಚಿಸಿದರೆ ಆ ಒಂದು ಪದದಲ್ಲಿ ಎರಡು ತಪ್ಪುಗಳಿವೆ. ಮರ ಮೂಕ ಅಲ್ಲ. ನಾವು ಅಂದುಕೊಂಡ ಅರ್ಥದಲ್ಲಿ ಅದು ಸಾಕ್ಷಿಯೂ ಅಲ್ಲ.

ಅಕ್ಷಿ ಅಂದರೆ ಕಣ್ಣು. ಕಣ್ಣಾರೆ ಕಂಡವನು ಸಾಕ್ಷಿ. ಮರಕ್ಕೆ ಕಣ್ಣೆಲ್ಲಿದೆ? ಅದರ ನೆರಳಲ್ಲಿ ರಾಜನಿಗೆ ಪಟ್ಟ ಕಟ್ಟಿದರೂ ಅಷ್ಟೇ, ಅದೇ ರಾಜನ ತಲೆ ತೆಗೆದರೂ ಅಷ್ಟೇ. ಮರಕ್ಕೆ ಗೊತ್ತಾಗುವುದು ಅದರ ಮೈಗೆ ತಾಗಿದ್ದು ಮಾತ್ರ. ನೀರು ಸಿಕ್ಕಿತಾ, ಇಲ್ವಾ. ಚಳಿ ಹೆಚ್ಚಾಯಿತಾ. ಬೆಂಕಿ ತಗುಲಿತಾ. ಕೊಡಲಿ ಏಟು ಬಿತ್ತಾ. ಗಾಳಿಯಲ್ಲಿ ಏನಿತ್ತು. ಇಷ್ಟೇ. ಆದರೆ ಇಷ್ಟನ್ನು ಅದು ವರ್ಷ ವರ್ಷವೂ ಬರೆದಿಡುತ್ತದೆ, ಯಾರನ್ನೂ ಮೆಚ್ಚಿಸಲು ಅಲ್ಲ. ಆಸ್ಥಾನ ಕವಿಗೂ ಮರಕ್ಕೂ ಇರುವ ವ್ಯತ್ಯಾಸ ಅದೇ.

ಮುಂದಿನ ಸಾಲಿನವರ ಕೈಗೆ ಒಂದು ಮರದ ಬಿಲ್ಲೆ ಕೊಟ್ಟಿದ್ದೇನೆ, ನೋಡಿ ಹಿಂದಕ್ಕೆ ದಾಟಿಸಿ. ಉಂಗುರಗಳು ಕಾಣುತ್ತಿವೆ ಅಲ್ವಾ? ಹತ್ತಿರ ಹಿಡಿದು ನೋಡಿದರೆ ಒಂದೊಂದು ಉಂಗುರದಲ್ಲೂ ಎರಡು ಭಾಗ. ಒಂದು ತೆಳು ಬಣ್ಣದ ಪಟ್ಟಿ, ಅದರ ಹೊರ ಅಂಚಿಗೆ ಒಂದು ಕಪ್ಪು ಗೆರೆ. ಬೆಳೆಯುವ ಕಾಲ ಶುರುವಾದಾಗ ಮರ ಅವಸರದಲ್ಲಿ ದೊಡ್ಡ ದೊಡ್ಡ ಕೋಶಗಳನ್ನು ಕಟ್ಟುತ್ತದೆ. ಅದು ತೆಳು ಬಣ್ಣ. ಕಾಲ ಮುಗಿಯುತ್ತ ಬಂದಂತೆ ಕೋಶಗಳು ಚಿಕ್ಕವಾಗುತ್ತವೆ, ಅವುಗಳ ಗೋಡೆ ದಪ್ಪ ಆಗುತ್ತದೆ. ಅದು ಕಪ್ಪು ಗೆರೆ. ಆಮೇಲೆ ಮರಕ್ಕೆ ನಿದ್ದೆ. ಎರಡೂ ಸೇರಿ ಒಂದು ವರ್ಷ. ಸುಖದ ವರ್ಷ ಅಗಲ, ಕಷ್ಟದ ವರ್ಷ ಕಿರಿದು. ತೀರಾ ಕಷ್ಟ ಆದರೆ ಕೆಲವು ಮರಗಳು ಆ ವರ್ಷ ಉಂಗುರವನ್ನೇ ಕಟ್ಟುವುದಿಲ್ಲ.

ಎಣಿಸುವುದು ಸುಲಭ ಅಂದುಕೊಳ್ಳಬೇಡಿ. ಹತ್ತಕ್ಕೊಂದು ಗುಂಡುಸೂಜಿ ಚುಚ್ಚುತ್ತಾ, ಒಂದು ಕೈಯಲ್ಲಿ ಭೂತಗನ್ನಡಿ ಹಿಡಿದು ಹೋಗಬೇಕು. ಈ ಬಿಲ್ಲೆಯನ್ನೇ ನಾನು ಮೂರು ಸಲ ಎಣಿಸಿದೆ. 83 ಬಂತು, 86 ಬಂತು, 84 ಬಂತು. ಒಂದು ಕಡೆ ಮೂರು ಗೆರೆ ಒಂದಕ್ಕೊಂದು ಅಂಟಿಕೊಂಡಿವೆ, ಅಲ್ಲೇ ನನ್ನ ಲೆಕ್ಕ ಕೆಡುತ್ತಿತ್ತು. ಮೂರು ವರ್ಷ ಈ ಮರಕ್ಕೆ ಏನೋ ಆಗಿತ್ತು.

ದೊಡ್ಡ ಮ್ಯೂಸಿಯಂಗಳಲ್ಲಿ ಇಂಥದ್ದೇ ಬಿಲ್ಲೆ ಇಡುತ್ತಾರೆ, ಆಳೆತ್ತರಕ್ಕಿಂತ ದೊಡ್ಡದು. ನ್ಯೂಯಾರ್ಕ್‌ನಲ್ಲೊಂದಿದೆ, ಲಂಡನ್ನಿನಲ್ಲೊಂದಿದೆ, ಎರಡೂ ಒಂದೇ ಮರದವು. ಕ್ಯಾಲಿಫೋರ್ನಿಯಾದಲ್ಲಿ 1891ರಲ್ಲಿ ಕಡಿದ ದೈತ್ಯ ಸೆಕೋಯಾ. ಉಂಗುರಗಳು 1,341. ಇಷ್ಟು ದೊಡ್ಡ ಮರ ಇದೆ ಅಂದರೆ ದೂರದ ಜನ ನಂಬುತ್ತಿರಲಿಲ್ಲ, ನಂಬಿಸಲೆಂದೇ ಕಡಿದರು. ಇಂಥ ಬಿಲ್ಲೆಗಳ ಮೇಲೆ ಪುಟ್ಟ ಪುಟ್ಟ ಚೀಟಿ ಅಂಟಿಸುವ ಅಭ್ಯಾಸ ಇದೆ. ಇಲ್ಲಿ ಈ ರಾಜ ಗೆದ್ದ, ಇಲ್ಲಿ ಕೊಲಂಬಸ್ ಹೊರಟ. ನೋಡಲು ಮಜವಾಗಿರುತ್ತದೆ. ಆದರೆ ಆ ಚೀಟಿಗಳು ನಮ್ಮವು. ಮರ ಬರೆದದ್ದಲ್ಲ. ಕೊಲಂಬಸ್ ಹೊರಟ ವರ್ಷ ಆ ಸೆಕೋಯಾ ತನ್ನ ಪಾಡಿಗೆ ಇನ್ನೊಂದು ಉಂಗುರ ಕಟ್ಟಿಕೊಂಡಿತು, ಅಷ್ಟೇ. ಹಾಗಾದರೆ ಮರವೇ ಬರೆದದ್ದನ್ನು ಓದುವುದು ಹೇಗೆ?

ಮೊದಲು ಓದಲು ಕಲಿತವರು ಎ. ಇ. ಡಗ್ಲಸ್. ಗಿಡಮರದವರಲ್ಲ, ನಕ್ಷತ್ರ ನೋಡುವವರು. ಸೂರ್ಯನ ಕಲೆಗಳು ಸುಮಾರು 11 ವರ್ಷಕ್ಕೊಮ್ಮೆ ಹೆಚ್ಚಿ ಕಡಿಮೆಯಾಗುತ್ತವಲ್ಲ, ಅದರ ಗುರುತು ಮರದಲ್ಲಿ ಸಿಗಬಹುದಾ ಅಂತ ಅಮೆರಿಕದ ಅರಿಜೋನಾದಲ್ಲಿ ಹುಡುಕಲು ಹೋದರು. ಹುಡುಕಿದ್ದೊಂದು, ಸಿಕ್ಕಿದ್ದು ಇನ್ನೊಂದು. ಒಂದೇ ಸೀಮೆಯ ಮರಗಳೆಲ್ಲ ಒಂದೇ ಮಳೆ, ಒಂದೇ ಬರ ಕಂಡಿರುತ್ತವೆ. ಹಾಗಾಗಿ ಅಗಲ, ಅಗಲ, ಕಿರಿದು, ಅಗಲ, ಕಿರಿದು, ಕಿರಿದು ಅನ್ನುವ ಈ ತಾಳ ಅಲ್ಲಿನ ಎಲ್ಲ ಮರದಲ್ಲೂ ಒಂದೇ. ಈವತ್ತು ನಿಂತಿರುವ ಮರದ ಒಳಗಿನ ತಾಳ, ಹಳೆ ಮನೆಯ ತೊಲೆಯ ಹೊರಗಿನ ತಾಳಕ್ಕೆ ಕೂಡಿತು ಅನ್ನಿ. ಆ ತೊಲೆಯ ಒಳಗಿನದು ಇನ್ನೂ ಹಳೆಯ ತೊಲೆಯ ಹೊರಗಿನದಕ್ಕೆ ಕೂಡುತ್ತದೆ. ಹೀಗೆ ಕೊಂಡಿ ಕೂಡಿಸುತ್ತಾ ಹಿಂದಕ್ಕೆ ಹೋಗಬಹುದು.

ಡಗ್ಲಸ್ ಹತ್ತಿರ ಎರಡು ಸರಪಳಿಗಳಿದ್ದವು. ಒಂದು ಈವತ್ತಿನಿಂದ ಹಿಂದಕ್ಕೆ ಹೋಗಿ 13ನೇ ಶತಮಾನದ ಸುಮಾರಿಗೆ ನಿಲ್ಲುತ್ತಿತ್ತು. ಇನ್ನೊಂದು ಅಲ್ಲಿನ ಮೂಲ ಜನ ಕಟ್ಟಿದ, ಪಾಳುಬಿದ್ದ ಪ್ಯೂಬ್ಲೋ ಊರುಗಳ ತೊಲೆಗಳದ್ದು, 500ಕ್ಕೂ ಹೆಚ್ಚು ವರ್ಷ ಉದ್ದದ್ದು, ಆದರೆ ಅದು ಯಾವ ಕಾಲದ್ದು ಅಂತ ಗೊತ್ತಿಲ್ಲ. ನಡುವೆ ಕೊಂಡಿ ಇಲ್ಲ. ವರ್ಷಗಟ್ಟಲೆ ಹುಡುಕಿದರು. 1929ರ ಜೂನ್ 22ರಂದು ಅರಿಜೋನಾದ ಶೋ ಲೋ ಅನ್ನುವ ಊರಲ್ಲಿ ಅಗೆಯುವಾಗ ಅರ್ಧ ಸುಟ್ಟ ಒಂದು ತೊಲೆ ಸಿಕ್ಕಿತು. ಅದಕ್ಕೆ ಕೊಟ್ಟ ನಂಬರು ಎಚ್‌ಎಚ್-39. ಎರಡೂ ಸರಪಳಿ ಅದರಲ್ಲಿ ಕೂಡಿಕೊಂಡವು. ಒಂದೇ ದಿನದಲ್ಲಿ, ಹೇಳಹೆಸರಿಲ್ಲದ ಹತ್ತಾರು ಪಾಳು ಊರುಗಳಿಗೆ ಇಸವಿ ಸಿಕ್ಕಿತು. ಜೊತೆಗೆ 1276ರಿಂದ 1299ರವರೆಗೆ ಕಿರಿದು ಉಂಗುರಗಳ ಒಂದು ಉದ್ದನೆಯ ಸಾಲು. ಬಂಡೆಯ ಗೂಡುಗಳಲ್ಲಿ ಕಟ್ಟಿದ ಅಷ್ಟು ಚೆಂದದ ಊರುಗಳನ್ನು ಜನ ಬಿಟ್ಟು ಹೋದದ್ದು ಅದೇ ಕಾಲಕ್ಕೆ. ಬರ ಒಂದೇ ಕಾರಣ ಅಂತ ಯಾರೂ ಹೇಳುವುದಿಲ್ಲ. ಆದರೆ ಬರದ ವಿಷಯ ಹೇಳಿದ್ದು ಮರವೇ, ಬೇರೆ ಯಾರೂ ಬರೆದಿಟ್ಟಿರಲಿಲ್ಲ.

ಇಲ್ಲಿ ಒಬ್ಬರು ಕೇಳಿದರು, ಇದಕ್ಕೆಲ್ಲ ಮರ ಕಡಿಯಲೇಬೇಕಾ ಅಂತ. ಬೇಡ. ಒಳಗೆ ಟೊಳ್ಳಿರುವ ಒಂದು ಬೈರಿಗೆ ಇದೆ, ಬೋರರ್ ಅನ್ನುತ್ತಾರೆ. ಅದನ್ನು ತಿರುಗಿಸುತ್ತಾ ಕಾಂಡದ ನಡುವಿನವರೆಗೆ ಇಳಿಸಿ ಹೊರಗೆಳೆದರೆ ಪೆನ್ಸಿಲ್‌ಗಿಂತ ತೆಳ್ಳಗಿನ ಒಂದು ಕಡ್ಡಿ ಬರುತ್ತದೆ. ಅದರ ಉದ್ದಕ್ಕೂ ಉಂಗುರಗಳು ಅಡ್ಡಗೆರೆಗಳ ಹಾಗೆ ಕಾಣುತ್ತವೆ. ಆದರೆ ಕಡಿಯಲೇಬೇಕಾ ಅನ್ನುವ ಪ್ರಶ್ನೆಗೆ ಒಂದು ಕೆಟ್ಟ ಉತ್ತರವೂ ಇದೆ. ಅದನ್ನೂ ಹೇಳಿಬಿಡುತ್ತೇನೆ.

ಅಮೆರಿಕದ ಪಶ್ಚಿಮದ ಬೆಟ್ಟಗಳಲ್ಲಿ, 3,000 ಮೀಟರಿಗೂ ಎತ್ತರದಲ್ಲಿ ಬ್ರಿಸಲ್‌ಕೋನ್ ಪೈನ್ ಅನ್ನುವ ಮರಗಳಿವೆ. ನೋಡಲು ಏನೂ ಚೆಂದ ಇಲ್ಲ. ಕುಳ್ಳಗೆ, ತಿರುಚಿಕೊಂಡು, ಮುಕ್ಕಾಲು ಮೈ ಸತ್ತು ಬೆಳ್ಳಗಾಗಿರುತ್ತದೆ. ಒಂದು ಪಟ್ಟಿ ತೊಗಟೆ ಮಾತ್ರ ಜೀವ ಹಿಡಿದುಕೊಂಡಿರುತ್ತದೆ. ಚಳಿ, ಒಣಗಾಳಿ, ಸತ್ವ ಇಲ್ಲದ ಮಣ್ಣು. ಕೆಲವು ಕಡೆ ಒಂದು ಇಂಚಿಗೆ ನೂರು ಉಂಗುರ. ಕಷ್ಟದಲ್ಲಿ ನಿಧಾನಕ್ಕೆ ಬೆಳೆದದ್ದಕ್ಕೇ ಕಟ್ಟಿಗೆ ಗಟ್ಟಿ, ರಾಳ ಜಾಸ್ತಿ, ಹುಳ ಮುಟ್ಟುವುದಿಲ್ಲ. 1957ರಲ್ಲಿ ಎಡ್ಮಂಡ್ ಶುಲ್ಮನ್ ಇಂಥದ್ದೊಂದನ್ನು ಕೊರೆದು ಎಣಿಸಿದರು. 4,700 ದಾಟಿತು. ಮೆಥೂಸೆಲಾ ಅಂತ ಹೆಸರಾಯಿತು. ಈಗಲೂ ಬದುಕಿದೆ, 4,800 ವರ್ಷ ಮೀರಿದೆ. ಈಜಿಪ್ಟಿನ ದೊಡ್ಡ ಪಿರಮಿಡ್ ಕಟ್ಟುವ ಹೊತ್ತಿಗೆ ಅದು ಆಗಲೇ ಇನ್ನೂರು ಚಿಲ್ಲರೆ ವರ್ಷದ ಮರ.

1964ರಲ್ಲಿ ಡೊನಾಲ್ಡ್ ಕರಿ ಅನ್ನುವ ವಿದ್ಯಾರ್ಥಿ ನೆವಾಡಾದ ವೀಲರ್ ಶಿಖರದ ಹತ್ತಿರ ಹಳೆಯ ಹಿಮನದಿಗಳ ಬಗ್ಗೆ ಅಧ್ಯಯನ ಮಾಡುತ್ತಿದ್ದರು. ಅಲ್ಲಿನ ಒಂದು ಬ್ರಿಸಲ್‌ಕೋನ್ ಅವರಿಗೆ ಬೇಕಾಯಿತು. ಬೈರಿಗೆಯಲ್ಲಿ ಸರಿಯಾದ ಕಡ್ಡಿ ಸಿಗಲಿಲ್ಲ ಅಂತ ಒಂದು ಮಾತು, ಬೈರಿಗೆ ಒಳಗೇ ಸಿಕ್ಕಿಕೊಂಡಿತು ಅಂತ ಇನ್ನೊಂದು ಮಾತು. ಏನೇ ಇರಲಿ, ಅರಣ್ಯ ಇಲಾಖೆಯ ಅನುಮತಿ ಕೇಳಿದರು, ಇಲಾಖೆ ಕೊಟ್ಟಿತು, ಮರ ಕಡಿದರು. ಆಮೇಲೆ ಕೂತು ಎಣಿಸಿದರು. ಕೊನೆಗೆ ನಿಂತ ಲೆಕ್ಕ 4,862. ಆ ಹೊತ್ತಿಗೆ ಗೊತ್ತಿದ್ದ ಯಾವ ಬದುಕಿರುವ ಮರಕ್ಕೂ ಅಷ್ಟು ವಯಸ್ಸಾಗಿರಲಿಲ್ಲ. ಅದಕ್ಕೆ ಈಗ ಪ್ರೊಮಿಥಿಯಸ್ ಅನ್ನುತ್ತಾರೆ. ಎಣಿಸಿ ಮುಗಿಸಿದಾಗ ಆ ಹುಡುಗನಿಗೆ ಏನನ್ನಿಸಿರಬೇಕು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಕೆಟ್ಟವನೇನಲ್ಲ. ನಿಯಮ ಮುರಿಯಲಿಲ್ಲ, ಕದ್ದು ಕಡಿಯಲಿಲ್ಲ. ಸಾಕ್ಷಿಯ ಹೇಳಿಕೆ ಪೂರ್ತಿ ಸಿಕ್ಕಿತು, ಸಾಕ್ಷಿ ಉಳಿಯಲಿಲ್ಲ. ಅದಾದ ಮೇಲೆ ಮೆಥೂಸೆಲಾ ಯಾವ ಮರ ಅಂತ ಯಾರಿಗೂ ತೋರಿಸುವುದಿಲ್ಲ. ಆ ದಾರಿಯಲ್ಲಿ ನಡೆದು ಹೋಗಬಹುದು, ಅದರ ಪಕ್ಕದಲ್ಲೇ ನಿಂತು ನೀರು ಕುಡಿದಿರಲೂಬಹುದು. ಗುರುತು ಫಲಕ ಇಲ್ಲ.

ಈ ಕುಳ್ಳ ಮರಗಳು ಇನ್ನೊಂದು ದೊಡ್ಡ ಕೆಲಸ ಮಾಡಿವೆ, ಅದು ಅಷ್ಟಾಗಿ ಜನಕ್ಕೆ ಗೊತ್ತಿಲ್ಲ. ಹಳೆಯ ವಸ್ತುವಿನ ವಯಸ್ಸು ಹೇಳಲು ಕಾರ್ಬನ್-14 ಅಂತ ಒಂದು ವಿಧಾನ ಇದೆಯಲ್ಲ (ಕಾರ್ಬನ್-14 ಅಂದರೆ ಗಾಳಿಯಿಂದ ಜೀವಿಗಳ ಮೈ ಸೇರಿ, ಸತ್ತ ಮೇಲೆ ನಿಧಾನಕ್ಕೆ ಕಡಿಮೆಯಾಗುತ್ತಾ ಹೋಗುವ ಒಂದು ಬಗೆಯ ಇಂಗಾಲ), 1949ರಲ್ಲಿ ವಿಲ್ಲರ್ಡ್ ಲಿಬ್ಬಿ ತೋರಿಸಿಕೊಟ್ಟದ್ದು, ಅದಕ್ಕೆ 1960ರಲ್ಲಿ ನೊಬೆಲ್ ಕೂಡ ಬಂತು. ಆದರೆ ಈಜಿಪ್ಟಿನ ತುಂಬ ಹಳೆಯ ವಸ್ತುಗಳಿಗೆ ಆ ಲೆಕ್ಕ ಹಾಕಿದರೆ ನೂರಾರು ವರ್ಷ ಕಡಿಮೆ ಬರುತ್ತಿತ್ತು. ಈಜಿಪ್ಟಿನ ರಾಜರ ಇಸವಿಗಳ ಪಟ್ಟಿ ತಪ್ಪಾ, ಲಿಬ್ಬಿ ತಪ್ಪಾ? ತೀರ್ಪು ಕೊಟ್ಟದ್ದು ಮರ. ವೆಸ್ಲಿ ಫರ್ಗ್ಯುಸನ್ ಅನ್ನುವವರು ಬದುಕಿರುವ ಬ್ರಿಸಲ್‌ಕೋನ್ ಜೊತೆಗೆ ಆ ಬೆಟ್ಟದಲ್ಲಿ ಸತ್ತು ಬಿದ್ದ, ಕೊಳೆಯದೆ ಉಳಿದ ತುಂಡುಗಳನ್ನೂ ಕೂಡಿಸಿ 7,000 ವರ್ಷಕ್ಕೂ ಹಿಂದಕ್ಕೆ ಸರಪಳಿ ಕಟ್ಟಿದರು. ಒಂದೊಂದು ಉಂಗುರದ ನಿಜವಾದ ಇಸವಿ ಗೊತ್ತು. ಅದರಲ್ಲಿ ಎಷ್ಟು ಕಾರ್ಬನ್-14 ಉಳಿದಿದೆ ಅಂತ ಅಳೆದರೆ ಅಳತೆಪಟ್ಟಿ ಎಲ್ಲಿ ಸೊಟ್ಟಗಿದೆ ಅಂತ ಗೊತ್ತಾಗುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ಎಲ್ಲ ಕಾಲಕ್ಕೂ ಒಂದೇ ಇರಲಿಲ್ಲ, ಅದೇ ಸಮಸ್ಯೆ ಆಗಿದ್ದು. ಅಳತೆಪಟ್ಟಿ ಸರಿ ಮಾಡಿದ ಮೇಲೆ ಯುರೋಪಿನ ಇತಿಹಾಸದವರು ತಲೆ ಮೇಲೆ ಕೈ ಹೊತ್ತುಕೊಂಡರು. ಅಲ್ಲಿನ ದೊಡ್ಡ ದೊಡ್ಡ ಕಲ್ಲಿನ ಗೋರಿಗಳನ್ನು ಪೂರ್ವದ ನಾಗರಿಕತೆಗಳಿಂದ ಕಲಿತು ಕಟ್ಟಿದ್ದು ಅಂತ ಪಾಠ ಮಾಡುತ್ತಿದ್ದರು. ನೋಡಿದರೆ ಅವುಗಳಲ್ಲಿ ಎಷ್ಟೋ ಪಿರಮಿಡ್‌ಗಿಂತ ಹಳೆಯವು. ಕ್ಯಾಲಿಫೋರ್ನಿಯಾದ ಬೆಟ್ಟದ ಮರ ಫ್ರಾನ್ಸಿನ ಪಠ್ಯಪುಸ್ತಕ ಬದಲಿಸಿತು!

ಈಗ ನನಗೆ ತುಂಬ ಇಷ್ಟವಾದ ಕತೆಗೆ ಬರುತ್ತೇನೆ, ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ.

ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ತುದಿಯಲ್ಲಿ ಲಾನ್ಸ್ ಒ ಮೆಡೋಸ್ ಅನ್ನುವ ಜಾಗ ಇದೆ. ಕೊಲಂಬಸ್‌ಗಿಂತ ಎಷ್ಟೋ ಮುಂಚೆ, ಉತ್ತರ ಯುರೋಪಿನ ಕಡಲ ಜನ ವೈಕಿಂಗರು ಅಲ್ಲಿ ಬಂದು ಮನೆ ಕಟ್ಟಿದ್ದರು. 1960ರಲ್ಲಿ ಪತ್ತೆಯಾದ ಜಾಗ. ಬಂದದ್ದು ನಿಜ, ಆದರೆ ಯಾವ ವರ್ಷ? ಅವರ ಹಳೆಯ ಕತೆಗಳಲ್ಲಿ ಇಸವಿ ಇಲ್ಲ. ಸುಮಾರು ಸಾವಿರನೇ ಇಸವಿ ಅಂತ ಎಲ್ಲರೂ ಅಂದಾಜಿನ ಮೇಲೆ ಹೇಳುತ್ತಿದ್ದರು.

ಅತ್ತ ಜಪಾನಿನಲ್ಲಿ ಫುಸಾ ಮಿಯಾಕೆ ಅನ್ನುವ ವಿಜ್ಞಾನಿ ಹಳೆಯ ದೇವದಾರು ಜಾತಿಯ ಮರದ ಉಂಗುರಗಳಲ್ಲಿ ಕಾರ್ಬನ್-14 ಅಳೆಯುತ್ತಿದ್ದರು. 774 ಮತ್ತು 775ರ ಉಂಗುರಗಳ ನಡುವೆ ಅದು ದಿಢೀರ್ ಅಂತ ಏರಿದೆ. 2012ರಲ್ಲಿ ಪ್ರಕಟಿಸಿದರು. ಆಮೇಲೆ ಅಂಥದ್ದೇ ಇನ್ನೊಂದು ಏರಿಕೆ 993ರ ಹತ್ತಿರ ಸಿಕ್ಕಿತು. ಸೂರ್ಯನಿಂದ ಎದ್ದ ಭಾರಿ ಬಿರುಗಾಳಿ ಇರಬೇಕು ಅನ್ನುವುದು ಹೆಚ್ಚಿನವರ ಅಭಿಪ್ರಾಯ. ಆಕಾಶದಿಂದ ಬಂದದ್ದಾದ್ದರಿಂದ ಅದು ಇಡೀ ಭೂಮಿಯ ಗಾಳಿಯಲ್ಲಿ ಬೆರೆಯಿತು. ಆ ವರ್ಷ ಉಸಿರಾಡಿದ ಎಲ್ಲ ಮರಗಳೂ, ಅವು ಎಲ್ಲೇ ಇರಲಿ, ಅದನ್ನು ಒಳಗೆ ಎಳೆದುಕೊಂಡವು. ಅಂದರೆ ಪ್ರಪಂಚದ ಎಲ್ಲ ಮರಗಳ ಮೇಲೂ ಒಂದೇ ವರ್ಷ ಒತ್ತಿದ ಮೊಹರು.

ವೈಕಿಂಗರ ಜಾಗದಲ್ಲಿ ಅಗೆದಾಗ ಸಿಕ್ಕಿದ ಕಟ್ಟಿಗೆ ಚೂರುಗಳನ್ನು ಎತ್ತಿಟ್ಟಿದ್ದರು. ತೊಲೆಯಲ್ಲ, ಕೆತ್ತನೆಯಲ್ಲ, ಕಡಿದು ಬಿಸಾಕಿದ ತುಂಡುಗಳು. ಅವುಗಳ ಕಡಿದ ಜಾಗ ನುಣ್ಣಗಿತ್ತು, ಕಬ್ಬಿಣದ ಅಲಗಿನಿಂದ ಮಾತ್ರ ಹಾಗೆ ಕಡಿಯಲು ಸಾಧ್ಯ. ಆ ಕಾಲಕ್ಕೆ ಅಲ್ಲಿನ ಮೂಲ ಜನರ ಹತ್ತಿರ ಕಬ್ಬಿಣದ ಕೊಡಲಿ ಇರಲಿಲ್ಲ. ಇನ್ನೂ ಒಂದು ಅದೃಷ್ಟ, ತುಂಡುಗಳ ಹೊರ ಅಂಚು ಹಾಗೇ ಉಳಿದಿತ್ತು, ಅಂದರೆ ಮರದ ಕೊನೆಯ ವರ್ಷದ ಉಂಗುರ ಕಳೆದುಹೋಗಿರಲಿಲ್ಲ. ಮೂರು ಬೇರೆ ಬೇರೆ ಮರಗಳ ಮೂರು ತುಂಡು. ಒಂದೊಂದರಲ್ಲೂ 993ರ ಮೊಹರು ಹುಡುಕಿದರು. ಸಿಕ್ಕಿತು. ಅಲ್ಲಿಂದ ಅಂಚಿನವರೆಗೆ ಎಣಿಸಿದರು. 28. ಮೂರರಲ್ಲೂ 28. 993ಕ್ಕೆ 28 ಕೂಡಿಸಿದರೆ 1021. ಆ ಮೂರೂ ಮರಗಳನ್ನು ಕಡಿದದ್ದು ಕ್ರಿ.ಶ. 1021ರಲ್ಲಿ. ಅಂದಾಜಿಲ್ಲ, ಸುಮಾರು ಅನ್ನುವ ಮಾತಿಲ್ಲ. ಇದು ಪ್ರಕಟವಾದದ್ದು 2021ರಲ್ಲಿ, ಸರಿಯಾಗಿ ಸಾವಿರ ವರ್ಷದ ಮೇಲೆ.

ಕಡಿದವನ ಹೆಸರು ಗೊತ್ತಿಲ್ಲ. ಅವನು ಕಡಿದು ಬಿಸಾಕಿದ ಕಸ ಇಸವಿ ಹೇಳಿತು.

ಮಳೆಯ ವಿಷಯಕ್ಕೆ ಬನ್ನಿ. ಮಂಗೋಲಿಯಾದಲ್ಲಿ ಹಳೆಯ ಲಾವಾ ಬಂಡೆಗಳ ಮೇಲೆ ಬೆಳೆದ ಸೈಬೀರಿಯನ್ ಪೈನ್ ಮರಗಳಿವೆ. ಮಣ್ಣು ಕಡಿಮೆ, ಹಾಗಾಗಿ ಮಳೆ ಚೂರು ಹೆಚ್ಚುಕಡಿಮೆಯಾದರೂ ಉಂಗುರದಲ್ಲಿ ಗೊತ್ತಾಗುತ್ತದೆ. 2014ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ 1211ರಿಂದ 1225ರವರೆಗೆ, ಸತತ 15 ವರ್ಷ, ಅಲ್ಲಿ ಹಿಂದೆ ಮುಂದೆ ಸಾವಿರ ವರ್ಷದಲ್ಲಿ ಬರದಂಥ ಒಳ್ಳೆಯ ಮಳೆ. ಆ ವರ್ಷಗಳಲ್ಲಿ ಅಲ್ಲಿಂದ ಹೊರಟವನು ಯಾರು? ಚೆಂಗೀಸ್ ಖಾನ್. ಅವನ ಶೌರ್ಯದ ಕತೆ ಎಷ್ಟೋ ಇವೆ. ಮಳೆ ಬಂದರೆ ಹುಲ್ಲು, ಹುಲ್ಲಿದ್ದರೆ ಕುದುರೆ, ಒಬ್ಬೊಬ್ಬ ಸೈನಿಕನಿಗೆ ಹಲವು ಕುದುರೆ ಬೇಕು, ಅನ್ನುವ ಸರಳ ಲೆಕ್ಕವನ್ನು ಯಾವ ಹಾಡೂ ಹೇಳಲಿಲ್ಲ. ಮಳೆ ಬಂದ ಊರಲ್ಲೆಲ್ಲ ಚೆಂಗೀಸ್ ಹುಟ್ಟುವುದಿಲ್ಲ, ಅದು ಬೇರೆ ಮಾತು.

ಇದರ ತಿರುಗು ಮುರುಗು ಬೀಜಿಂಗಿನಲ್ಲಿದೆ. ಅರಮನೆಯ ಹಿಂದಿನ ಗುಡ್ಡದಲ್ಲಿ ಒಂದು ಮರ ತೋರಿಸುತ್ತಾರೆ, 1644ರಲ್ಲಿ ಮಿಂಗ್ ವಂಶದ ಕೊನೆಯ ದೊರೆ ಚೊಂಗ್‌ಜೆನ್ ನೇಣು ಹಾಕಿಕೊಂಡದ್ದು ಇಲ್ಲೇ ಅಂತ. ಜನ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಆದರೆ ಮೂಲ ಮರವನ್ನು ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲೇ ಕಡಿದಾಗಿದೆ, ಈಗಿರುವುದು ಆಮೇಲೆ ತಂದು ನೆಟ್ಟದ್ದು. ಪಾಪ, ಬಾಡಿಗೆ ಸಾಕ್ಷಿ. ನಿಜವಾದ ಸಾಕ್ಷಿಗಳು ಬೇರೆ ಕಡೆ ಇದ್ದವು. ಎಡ್ವರ್ಡ್ ಕುಕ್ ಮತ್ತು ಅವರ ತಂಡ ಏಷ್ಯಾದಲ್ಲಿ 300ಕ್ಕೂ ಹೆಚ್ಚು ಕಡೆಯ ಮರಗಳ ಉಂಗುರ ಸೇರಿಸಿ 2010ರಲ್ಲಿ ಮುಂಗಾರಿನ ಏಳುನೂರು ವರ್ಷದ ಲೆಕ್ಕ ತೆಗೆದರು. ಅದರಲ್ಲಿ ಎದ್ದು ಕಾಣುವ ಬರಗಳಲ್ಲಿ ಒಂದು 1638ರಿಂದ 1641. ಬೆಳೆ ಹೋಯಿತು, ಹಸಿದವರು ದಂಗೆಗೆ ಸೇರಿದರು, ದಂಗೆ ಬೀಜಿಂಗಿಗೆ ಬಂತು, ದೊರೆ ಗುಡ್ಡ ಹತ್ತಿದ. ಅದೇ ಪಟ್ಟಿಯಲ್ಲಿ 1876–78ರ ಬರವೂ ಇದೆ. ದಖ್ಖನಿನಲ್ಲಿ ಲಕ್ಷ ಲಕ್ಷ ಜನ ಸತ್ತದ್ದು ಆಗ. ಆ ಸಾವಿನ ಲೆಕ್ಕದ ಬಗ್ಗೆ ಆಗಿನ ಸರ್ಕಾರದ ಕಾಗದಗಳಲ್ಲಿ ಎಷ್ಟೋ ವಾದ ಇದೆ. ಮಳೆ ಬರಲಿಲ್ಲ ಅನ್ನುವುದರ ಬಗ್ಗೆ ಮರಗಳಿಗೆ ಯಾವ ವಾದವೂ ಇಲ್ಲ. ಮಳೆ ಇಲ್ಲದಾಗಲೂ ಧಾನ್ಯ ಯಾಕೆ ಹಡಗು ಹತ್ತಿತು ಅಂತ ಮಾತ್ರ ಮರ ಹೇಳಲಾರದು. ಅದಕ್ಕೆ ಕಾಗದವೇ ಬೇಕು.

ಕೆಲವು ಸಲ ಬರೆಯದೆ ಬಿಟ್ಟದ್ದೇ ಹೆಚ್ಚು ಹೇಳುತ್ತದೆ. ಯುರೋಪಿನ ಹಳೆಯ ಮನೆ, ಚರ್ಚುಗಳ ತೊಲೆಗಳನ್ನು ಯಾವ ವರ್ಷ ಕಡಿದರು ಅಂತ ಪಟ್ಟಿ ಮಾಡುತ್ತಾ ಹೋದರೆ, 14ನೇ ಶತಮಾನದ ನಡುವೆ ಪಟ್ಟಿ ತಟ್ಟನೆ ಖಾಲಿ ಹೊಡೆಯುತ್ತದೆ. ಮಹಾ ಪ್ಲೇಗಿನ ಕಾಲ ಅದು, 1347ರಿಂದ ಶುರು. ಕಟ್ಟುವವರಿಲ್ಲ, ಕಟ್ಟಿಸುವವರೂ ಇಲ್ಲ. ಸೆಕೋಯಾ ಕಾಡುಗಳಲ್ಲೂ ಹೀಗೇ ಒಂದು ಮೌನ ಇದೆ. ಎರಡು ಸಾವಿರ ವರ್ಷದುದ್ದಕ್ಕೂ ಆ ಮರಗಳಲ್ಲಿ ಸಣ್ಣ ಸಣ್ಣ ಬೆಂಕಿಯ ಗಾಯಗಳಿವೆ, ಮರ ಅವನ್ನೆಲ್ಲ ಸುತ್ತಿ ಮುಚ್ಚಿಕೊಂಡು ಬೆಳೆದಿದೆ. 1860ರ ದಶಕದ ಆಚೆಗೆ ಬೆಂಕಿಯ ಗುರುತು ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ಕಾಡನ್ನು ಆಗಾಗ ಸುಟ್ಟು ಹದವಾಗಿಟ್ಟಿದ್ದ ಮೂಲ ಜನರನ್ನು ಓಡಿಸಿದ್ದರು, ಕುರಿಗಳು ಹುಲ್ಲು ಬೋಳಿಸಿದವು, ಆಮೇಲೆ ಬೆಂಕಿ ಕಂಡರೆ ಆರಿಸು ಅನ್ನುವ ನಿಯಮ ಬಂತು. ಒಣಕಸ ನೂರು ವರ್ಷ ಕೂಡಿಕೊಂಡಿತು. 2020ರಲ್ಲಿ ಒಂದೇ ಬೆಂಕಿಗೆ ದೊಡ್ಡ ಸೆಕೋಯಾಗಳಲ್ಲಿ ನೂರಕ್ಕೆ 10ರಿಂದ 14 ಸತ್ತವು ಅಂತ ಅಂದಾಜು.

ಗಾಯದ ಬಗ್ಗೆ ಒಂದು ಮಾತು. ಮರದ ಗಾಯ ನಮ್ಮ ಗಾಯದ ಹಾಗೆ ವಾಸಿಯಾಗುವುದಿಲ್ಲ. ಗಾಯ ಅಲ್ಲೇ ಇರುತ್ತದೆ, ಮರ ಅದರ ಸುತ್ತ ಗೋಡೆ ಕಟ್ಟಿ, ಅಂಚಿನಿಂದ ಹೊಸ ಕಟ್ಟಿಗೆ ಬೆಳೆಸಿ, ಮೇಲೆ ಮುಚ್ಚಿಬಿಡುತ್ತದೆ. ಕೆನಡಾದ ಪಶ್ಚಿಮ ಕರಾವಳಿಯ ಮೂಲ ಜನ ಕೆಂಪು ಸೀಡರ್ ಮರದ ತೊಗಟೆಯನ್ನು ಉದ್ದುದ್ದ ಪಟ್ಟಿಯಾಗಿ ಸುಲಿದು ಬುಟ್ಟಿ, ಹಗ್ಗ, ಬಟ್ಟೆ ಮಾಡುತ್ತಿದ್ದರು. ಮರ ಸಾಯದ ಹಾಗೆ, ಒಂದು ಪಟ್ಟಿ ಮಾತ್ರ. ಆ ಗಾಯದ ಅಂಚಿನ ಉಂಗುರ ಎಣಿಸಿದರೆ ಸುಲಿದ ವರ್ಷ ಗೊತ್ತಾಗುತ್ತದೆ. ಇಲ್ಲಿ ನಮ್ಮವರು ಇದ್ದರು ಅಂತ ಹೇಳಲು ಅವರ ಹತ್ತಿರ ಕಾಗದ ಇರಲಿಲ್ಲ, ಮರ ಇತ್ತು. ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಕಾನೂನಿನಲ್ಲಿ 1846ಕ್ಕೆ ಮುಂಚಿನ ಅಂಥ ಗುರುತಿರುವ ಮರಗಳಿಗೆ ರಕ್ಷಣೆ ಇದೆ.

ಆಸ್ಟ್ರೇಲಿಯಾದ ಕೂಪರ್ ಕ್ರೀಕ್ ದಂಡೆಯ ಮರದ ಕತೆ ಹೇಳದೆ ಮುಂದೆ ಹೋಗಲಾರೆ. ಬರ್ಕ್ ಮತ್ತು ವಿಲ್ಸ್ ಅನ್ನುವವರು ಇಡೀ ಖಂಡ ದಾಟುತ್ತೇವೆ ಅಂತ ಹೊರಟು, ಈ ಮರದ ಹತ್ತಿರ ಶಿಬಿರ ಹಾಕಿ, ಕೆಲವರನ್ನು ಬಿಟ್ಟು ಉತ್ತರಕ್ಕೆ ಹೋದರು. ಶಿಬಿರದಲ್ಲಿ ಉಳಿದವರು ನಾಲ್ಕು ತಿಂಗಳಿಗೂ ಹೆಚ್ಚು ಕಾದರು. 1861ರ ಏಪ್ರಿಲ್ 21ರ ಬೆಳಿಗ್ಗೆ, ಸಾಕಪ್ಪಾ ಅಂತ, ಸ್ವಲ್ಪ ದವಸ ಹೂತು, 'ಅಗೆಯಿರಿ' ಅಂತ ಮರದ ಮೇಲೆ ಕೆತ್ತಿ ಹೊರಟರು. ಅದೇ ದಿನ ಸಂಜೆ ಬರ್ಕ್, ವಿಲ್ಸ್ ಮತ್ತು ಅವರ ಜೊತೆಗಾರ ಕಿಂಗ್ ಅರೆಜೀವ ಆಗಿ ಅಲ್ಲಿಗೆ ಬಂದು ತಲುಪಿದರು. ಬೆಳಿಗ್ಗೆ, ಸಂಜೆ. ಅಷ್ಟೇ ಅಂತರ. ಅಗೆದರು, ದವಸ ತೆಗೆದುಕೊಂಡರು, ಗುಂಡಿ ಮುಚ್ಚಿ ಬೇರೆ ದಿಕ್ಕಿಗೆ ಹೊರಟರು. ಆದರೆ ಬಂದಿದ್ದೆವು ಅಂತ ಮರದ ಮೇಲೆ ಹೊಸದಾಗಿ ಏನನ್ನೂ ಕೆತ್ತಲಿಲ್ಲ. ಎರಡು ವಾರದ ಮೇಲೆ ಮೊದಲಿನವರು ಮನಸ್ಸು ತಡೆಯದೆ ವಾಪಸ್ ಬಂದು ನೋಡಿದರು. ಮರ ಬಿಟ್ಟು ಹೋದ ಹಾಗೇ ಇತ್ತು. ಯಾರೂ ಬಂದಿಲ್ಲ ಅಂತ ತಿರುಗಿ ಹೋದರು. ಬರ್ಕ್, ವಿಲ್ಸ್ ಸತ್ತರು. ಕಿಂಗ್‌ನನ್ನು ಅಲ್ಲಿನ ಯಾಂಡ್ರುವಾಂಡ ಜನ ಸಾಕಿ ಉಳಿಸಿದರು. ಮರ ಈಗಲೂ ಇದೆ. ಆ ಕೆತ್ತನೆಯನ್ನು ಅದು ಮುಚ್ಚಿಕೊಂಡು ಬೆಳೆದಿದೆ, ಮೂಲದಲ್ಲಿ ಸರಿಯಾಗಿ ಏನೇನು ಕೆತ್ತಿದ್ದರು ಅಂತ ಜನ ಈಗಲೂ ಜಗಳ ಆಡುತ್ತಾರೆ.

ಸಾಕ್ಷಿ ಅಂದ ಮೇಲೆ ಪಾಟೀಸವಾಲು ಇರಬೇಕು. 'ಈ ಮರಕ್ಕೆ ಐದು ಸಾವಿರ ವರ್ಷ' ಅಂತ ಫಲಕ ಕಂಡರೆ ನನಗೆ ಮೊದಲು ಅನುಮಾನ. ಯಾಕೆಂದರೆ ತುಂಬ ಹಳೆಯ ಮರಗಳಲ್ಲಿ ಎಷ್ಟೋ ಒಳಗೆ ಪೊಟರೆ. ಚೇಗು ಕೊಳೆತು ಹೋಗಿರುತ್ತದೆ, ಅಂದರೆ ಮೊದಲ ಪುಟಗಳೇ ಹರಿದು ಹೋಗಿರುತ್ತವೆ. ಸ್ಕಾಟ್ಲೆಂಡಿನ ಫೋರ್ಟಿಂಗಾಲ್ ಯೂ ಮರವನ್ನು 1769ರಲ್ಲಿ ಅಳೆದಾಗ ಸುತ್ತಳತೆ 52 ಅಡಿ. ಆಮೇಲೆ ಬಂದವರೆಲ್ಲ ನೆನಪಿಗೆ ಅಂತ ಒಂದೊಂದು ಚೂರು ಕಿತ್ತುಕೊಂಡು ಹೋದರು. ಈಗ ಅದರ ವಯಸ್ಸು ಎರಡು ಸಾವಿರ ಅನ್ನುವವರಿದ್ದಾರೆ, ಐದು ಸಾವಿರ ಅನ್ನುವವರೂ ಇದ್ದಾರೆ. ಯೇಸುವಿಗೆ ಶಿಕ್ಷೆ ಕೊಟ್ಟ ಪಿಲಾತ ಇದರ ಕೆಳಗೇ ಹುಟ್ಟಿದ ಅಂತ ಕತೆ ಬೇರೆ! ಯೇಸು ಪ್ರಾರ್ಥಿಸಿದ ಗೆತ್ಸೆಮನೆ ತೋಟದ ಆಲಿವ್ ಮರಗಳದ್ದೂ ಇಂಥದ್ದೇ ಕತೆ. 2012ರಲ್ಲಿ ಪರೀಕ್ಷೆ ಮಾಡಿದಾಗ ಮೂರು ಕಾಂಡಗಳ ಕಾಲ ಸಿಕ್ಕಿತು, 1092, 1166, 1198. ಬೇರು ಇನ್ನೂ ಹಳೆಯದಿರಬಹುದು. ಕಾಂಡ ಮಾತ್ರ ಯೇಸುವನ್ನಲ್ಲ, ಧರ್ಮಯುದ್ಧಕ್ಕೆ ಬಂದ ಕ್ರುಸೇಡಿನವರನ್ನು ಕಂಡದ್ದು. ಒಂಬೈನೂರು ವರ್ಷ ಏನು ಕಡಿಮೆಯಾ? ಅದನ್ನು ಎರಡು ಸಾವಿರ ಮಾಡಬೇಕು ಅನ್ನುವ ಚಪಲ ಯಾಕೋ ಗೊತ್ತಿಲ್ಲ.

ಶ್ರೀಲಂಕಾದ ಅನುರಾಧಪುರದ ಬೋಧಿ ಮರದ ಬಗ್ಗೆ ಕೇಳಿದರು. ಅಲ್ಲಿ ಕೆಲಸ ಉಲ್ಟಾ. ಉಂಗುರ ಎಣಿಸಿ ವಯಸ್ಸು ಹೇಳುವ ಮರ ಅಲ್ಲ ಅದು. ಅಶೋಕನ ಮಗಳು ಸಂಘಮಿತ್ತೆ ತಂದ ಕೊಂಬೆಯನ್ನು ಕ್ರಿ.ಪೂ. 3ನೇ ಶತಮಾನದಲ್ಲಿ ನೆಟ್ಟರು ಅಂತ ಗ್ರಂಥಗಳು ಹೇಳುತ್ತವೆ, ತಲೆಮಾರಿನಿಂದ ತಲೆಮಾರಿಗೆ ಕಾದುಕೊಂಡು ಬಂದಿದ್ದಾರೆ. ಅಲ್ಲಿ ಮರಕ್ಕೇ ಮನುಷ್ಯರು ಸಾಕ್ಷಿ.

ಕಾಯುವವರು ಇಲ್ಲದಿದ್ದರೆ? ಸಹಾರಾದಲ್ಲಿ, ನೈಜರ್ ದೇಶದ ತೆನೆರೆ ಮರುಭೂಮಿಯಲ್ಲಿ ಒಂದೇ ಒಂದು ಜಾಲಿ ಜಾತಿಯ ಮರ ಇತ್ತು. ಸುತ್ತ 200 ಕಿಲೋಮೀಟರ್ ಇನ್ನೊಂದು ಮರ ಇಲ್ಲ. ಹಸಿರು ಇದ್ದ ಕಾಲದ ಕೊನೆಯ ಕುರುಹು ಅದು. ಹತ್ತಿರ ಬಾವಿ ತೋಡಿದಾಗ ಅದರ ಬೇರು 30 ಮೀಟರಿಗೂ ಆಳದ ನೀರಿಗೆ ಇಳಿದದ್ದು ಕಂಡಿತು. ಒಂಟೆ ಸಾಲುಗಳಿಗೆ ಅದೇ ಗುರುತು, ಭೂಪಟದಲ್ಲೂ ಗುರುತಿತ್ತು. 1973ರಲ್ಲಿ ಒಬ್ಬ ಲಾರಿ ಡ್ರೈವರ್ ಗುದ್ದಿ ಬೀಳಿಸಿದ. ಸುತ್ತ ಅಷ್ಟೂ ದೂರ ಬಟಾಬಯಲು, ಇದ್ದದ್ದೊಂದೇ ಮರ, ಅದಕ್ಕೇ ಗುದ್ದಿದ. ನಗಬೇಕೋ ಅಳಬೇಕೋ ಗೊತ್ತಾಗುವುದಿಲ್ಲ. ಅದರ ಬೊಡ್ಡೆ ಈಗ ನಿಯಾಮೆಯ ಮ್ಯೂಸಿಯಂನಲ್ಲಿದೆ, ಅದು ನಿಂತಿದ್ದ ಜಾಗದಲ್ಲಿ ಒಂದು ಲೋಹದ ಕಂಬ.

ಸಮಯ ಮುಗಿಯಿತು ಅಂತ ಚೀಟಿ ಬಂದಿದೆ. ಒಂದೇ ಒಂದು ಹೇಳಿ ಇಳಿಯುತ್ತೇನೆ.

ಹಿರೋಷಿಮಾದಲ್ಲಿ ಬಾಂಬು ಬಿದ್ದ ಜಾಗದಿಂದ 2 ಕಿಲೋಮೀಟರ್ ಒಳಗೆ ಸುಟ್ಟರೂ ಮತ್ತೆ ಚಿಗುರಿದ ಮರಗಳಿಗೆಲ್ಲ ಒಂದೊಂದು ಫಲಕ ಹಾಕಿದ್ದಾರೆ. ಕೆಲವು ಮರಗಳಲ್ಲಿ ಸ್ಫೋಟದ ಕಡೆಗಿದ್ದ ಮಗ್ಗುಲು ಈಗಲೂ ಕರಟಿದ ಹಾಗಿದೆ. ನೋಡಿದ ಕೂಡಲೇ ಗೊತ್ತಾಗುತ್ತದೆ. ಆದರೆ ನಾನು ಹೇಳಹೊರಟದ್ದು ಮೈಮೇಲೆ ಯಾವ ಗುರುತೂ ಇಲ್ಲದ ಒಂದು ಮರದ ಬಗ್ಗೆ. 1976ರಲ್ಲಿ ಜಪಾನ್ ಅಮೆರಿಕಕ್ಕೆ ಬೋನ್ಸಾಯ್ ಮರಗಳನ್ನು ಉಡುಗೊರೆ ಕೊಟ್ಟಿತು. ಅದರಲ್ಲೊಂದು ಬಿಳಿ ಪೈನ್, 1625ರಿಂದ ಕುಂಡದಲ್ಲಿ ಬೆಳೆಸಿಕೊಂಡು ಬಂದದ್ದು, ಕೊಟ್ಟವರು ಮಸಾರು ಯಮಾಕಿ. ವಾಷಿಂಗ್ಟನ್ನಿನಲ್ಲಿ ಅದನ್ನು ಜತನದಿಂದ ನೋಡಿಕೊಂಡರು. 2001ರಲ್ಲಿ ಜಪಾನಿನಿಂದ ಇಬ್ಬರು ಅಣ್ಣತಮ್ಮಂದಿರು ಬಂದರು, ಯಮಾಕಿಯವರ ಮೊಮ್ಮಕ್ಕಳು. ಮಾತಿನ ನಡುವೆ ಹೇಳಿದರು. ಆ ಮರ ಇದ್ದದ್ದು ಹಿರೋಷಿಮಾದಲ್ಲಿ, ಬಾಂಬು ಬಿದ್ದ ಜಾಗದಿಂದ ಸುಮಾರು 3 ಕಿಲೋಮೀಟರ್ ದೂರದ ಅವರ ಮನೆಯಲ್ಲಿ. ಕಿಟಕಿ ಗಾಜೆಲ್ಲ ಪುಡಿಯಾಗಿ ಮನೆಯವರ ಮೈಗೆ ಚುಚ್ಚಿತು. ಕುಂಡ ಒಂದು ಎತ್ತರದ ಗೋಡೆಯ ಮರೆಯಲ್ಲಿತ್ತು, ಏನೂ ಆಗಲಿಲ್ಲ.

ಇಪ್ಪತ್ತೈದು ವರ್ಷ ಅದಕ್ಕೆ ನೀರು ಹಾಕಿದವರಿಗೂ ಇದು ಗೊತ್ತಿರಲಿಲ್ಲ. ಕೊಡುವಾಗ ಯಮಾಕಿಯವರು ಹೇಳಿರಲಿಲ್ಲ. ಮೊಮ್ಮಕ್ಕಳು ಬಂದದ್ದೂ ಇದನ್ನು ಹೇಳಲು ಅಲ್ಲ, ತಾತನ ಮರ ಹೇಗಿದೆ ಅಂತ ನೋಡಿಕೊಂಡು ಹೋಗಲು.